ಕೀಲಿಕೈ ಯಾರ ಹತ್ತಿರ ಇದೆ?

ಹೋದ ದೀಪಾವಳಿಗೆ ಮನೆ ಕ್ಲೀನ್ ಮಾಡುವಾಗ ಹೆಂಡತಿ ಅಟ್ಟದ ಕಡೆ ಕೈ ತೋರಿಸಿ ಕೇಳಿದಳು. "ರೀ, ನಿಮ್ಮ ಆ ಪೆಟ್ಟಿಗೆ ಅಲ್ಲೇ ಇರಬೇಕಾ, ಇಲ್ಲಾ ಯಾರಿಗಾದ್ರೂ ಕೊಟ್ಬಿಡೋಣ್ವಾ?"

ಪೆಟ್ಟಿಗೆಯೊಳಗೆ ಇದ್ದದ್ದು ಅಕಾರ್ಡಿಯನ್. ಅದು ಅಟ್ಟ ಹತ್ತಿ ಹದಿನಾಲ್ಕು ತಿಂಗಳಾಗಿತ್ತು. "ಇರಲಿ ಬಿಡು, ನುಡಿಸ್ತೀನಿ" ಅಂದೆ. ಅವಳು ನಕ್ಕಳು. ನಗು ಬೇಜಾರು ಮಾಡಲಿಲ್ಲ. ಅದೇ ಮಾತನ್ನು ಇನ್ನೊಬ್ಬರಿಗೂ ಹೇಳಿದ್ದೆ ಅನ್ನೋದು ನೆನಪಾಗಿ ಬೇಜಾರಾಯ್ತು.

ಅಕಾರ್ಡಿಯನ್ ಹುಚ್ಚು ಹಿಡಿದದ್ದು ಹಳೇ ಹಿಂದಿ ಸಿನಿಮಾಗಳಿಂದ. 1964ರ 'ಸಂಗಂ' ಚಿತ್ರದಲ್ಲಿ ರಾಜ್ ಕಪೂರ್ ಅದನ್ನು ಎದೆಗೆ ಕಟ್ಟಿಕೊಂಡು ಹಾಡೋದನ್ನು ನೀವೂ ನೋಡಿರ್ತೀರಿ. 1969ರ 'ಆರಾಧನಾ'ದಲ್ಲಿ ಒಂದೇ ಶಾಟ್‌ನಲ್ಲಿ ತೆಗೆದ ಹಾಡೊಂದಿದೆಯಲ್ಲ, ಅದರಲ್ಲಿ ಮೈ ಜುಮ್ಮೆನ್ನಿಸುವ ಆ ವಾದ್ಯ ಕೆರ್ಸಿ ಲಾರ್ಡ್ ನುಡಿಸಿದ ಅಕಾರ್ಡಿಯನ್. ಆಮೇಲೆ ಸಿಂಥಸೈಜರ್ ಬಂತು. ಹತ್ತು ಕೆಜಿ ಭಾರದ ಪೆಟ್ಟಿಗೆ ಹೊರುವವರು ಯಾರು? ಈಗ ಬೆಂಗಳೂರಲ್ಲಿ ಗಿಟಾರ್ ಕಲಿಸೋರು ಬೀದಿಗೊಬ್ಬರು ಸಿಗ್ತಾರೆ, ಅಕಾರ್ಡಿಯನ್ ಕಲಿಸೋರನ್ನು ಹುಡುಕಬೇಕು. ರಿಪೇರಿ ಮಾಡೋರನ್ನು ಇನ್ನೂ ಹುಡುಕಬೇಕು.

ನನಗೆ ಸಿಕ್ಕವರು ಫ್ರೇಜರ್ ಟೌನ್‌ನ ಒಂದು ಹಳೇ ಮನೆಯಲ್ಲಿದ್ದ ಅಂಕಲ್. ಒಂದು ಕಾಲದಲ್ಲಿ ಮದುವೆ ಬ್ಯಾಂಡುಗಳಲ್ಲಿ, ಚರ್ಚಿನಲ್ಲಿ ನುಡಿಸಿದವರು. ಬೆರಳ ಗಂಟುಗಳು ಊದಿಕೊಂಡು ನುಡಿಸೋಕೆ ಆಗ್ತಿರಲಿಲ್ಲ, ಅದಕ್ಕೇ ಮಾರಾಟಕ್ಕಿಟ್ಟಿದ್ದರು. ನನಗಿಂತ ಮೊದಲು ಬಂದ ಒಬ್ಬ ಹೆಚ್ಚು ದುಡ್ಡು ಕೊಡ್ತೀನಿ ಅಂದಿದ್ದನಂತೆ. ಅವನಿಗೆ ಅದು ತನ್ನ ರೆಸ್ಟೋರೆಂಟಿನ ಗೋಡೆ ಮೇಲೆ ಇಡೋಕೆ ಬೇಕಿತ್ತು. ಅಂಕಲ್ ಕೊಡಲಿಲ್ಲ. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ:

"ನುಡಿಸ್ತೀಯಾ ತಂಬಿ?"

"ನುಡಿಸ್ತೀನಿ ಅಂಕಲ್."

ಅಷ್ಟೇ. ನಾಲ್ಕು ತಿಂಗಳು ಪ್ರತಿ ಭಾನುವಾರ ಪಾಠ ಹೇಳಿದರು. ಫೀಸು ಮುಟ್ಟಲಿಲ್ಲ.

ಕಲಿಯೋದು ಹೇಗಿರುತ್ತೆ ಅಂತ ಸ್ವಲ್ಪ ಹೇಳಬೇಕು. ಬಲಗೈಗೆ ಪಿಯಾನೋ ಥರ 41 ಮನೆಗಳು. ಅದು ಕಣ್ಣಿಗೆ ಕಾಣುತ್ತೆ, ಪರವಾಗಿಲ್ಲ. ಎಡಗೈಗೆ 120 ಬಟನ್, ಅವು ನಮ್ಮ ಕಣ್ಣಿಗೆ ಕಾಣೋದೇ ಇಲ್ಲ. ಅಡ್ಡಕ್ಕೆ ಇಪ್ಪತ್ತು, ಉದ್ದಕ್ಕೆ ಆರು. 'ಸಿ' ಬಟನ್ ಮೇಲೆ ಒಂದು ಸಣ್ಣ ಗುಳಿ ಇರುತ್ತೆ. ಬೆರಳು ಅದನ್ನು ತಡಕಿ ಹುಡುಕಿ, ಅಲ್ಲಿಂದ ಲೆಕ್ಕ ಹಾಕಿಕೊಂಡು ಉಳಿದವುಗಳ ಹತ್ತಿರ ಹೋಗಬೇಕು. ಇದರ ಜೊತೆಗೆ ಅದೇ ಎಡಗೈ ಕಮ್ಮಾರನ ತಿದಿ ಒತ್ತಿದ ಹಾಗೆ ಗಾಳಿ ಎಳೀತಾ, ತಳ್ತಾ ಇರಬೇಕು. ಸಾಲಿನ ಮಧ್ಯೆ ತಿದಿಯ ದಿಕ್ಕು ಬದಲಾದರೆ ಹಾಡುಗಾರ ಪದದ ಮಧ್ಯೆ ಉಸಿರು ತಗೊಂಡ ಹಾಗೆ ಕೇಳುತ್ತೆ. ಮೊದಲ ಎರಡು ತಿಂಗಳು ನನ್ನ ಹಾಡಿಗೆಲ್ಲ ದಮ್ಮು ಕಟ್ಟಿತ್ತು.

ಆಮೇಲೆ ಒಂದು ರಿಲೀಸ್ ಬಂತು, ಅದರ ಹಿಂದೆ ಇನ್ನೊಂದು. ಅಮೆರಿಕದ ಟೀಮಿನ ಜೊತೆ ರಾತ್ರಿ ಕಾಲ್‌ಗಳು. ಭಾನುವಾರಗಳು ಒಂದೊಂದಾಗಿ ತಪ್ಪಿದವು. ಪಕ್ಕದ ಫ್ಲಾಟಿನವರು ಒಮ್ಮೆ "ಮಗುವಿಗೆ ಎಕ್ಸಾಮ್ ಇದೆ" ಅಂದರು. ನೆಪಕ್ಕೆ ಕಾಯ್ತಿದ್ದವನಿಗೆ ಅದು ಸಾಕಾಯ್ತು. ಪೆಟ್ಟಿಗೆ ಅಟ್ಟಕ್ಕೆ ಹೋಯ್ತು.

ದೀಪಾವಳಿ ಕಳೆದ ವಾರ ಅಂಕಲ್ ಫೋನ್ ಬಂತು. ಹಬ್ಬ ಹೇಗಾಯ್ತು, ಮಗು ಹೇಗಿದೆ ಅಂತೆಲ್ಲ ಕೇಳಿ ಕೊನೆಗೆ ಮೆಲ್ಲಗೆ, "ನುಡಿಸ್ತಾ ಇದ್ದೀಯಾ?" ಅಂದರು. ನಾನು "ಆಗಾಗ" ಅಂದೆ. ಹಸಿ ಸುಳ್ಳು.

ಫೋನ್ ಇಟ್ಟ ಮೇಲೆ ಮೊದಲು ಬಂದದ್ದು ಸಿಟ್ಟು. ನಾನು ದುಡ್ಡು ಕೊಟ್ಟು ತಗೊಂಡಿದ್ದೀನಿ, ನನ್ನ ವಸ್ತು. ನುಡಿಸ್ತೀನೋ, ಅಟ್ಟಕ್ಕೆ ಹಾಕ್ತೀನೋ, ಕೇಳೋಕೆ ಇವರು ಯಾರು? ಆಫೀಸಲ್ಲಿ ಗೆಳೆಯನ ಹತ್ತಿರ ಹೇಳಿಕೊಂಡರೆ ಅವನೂ ಅದನ್ನೇ ಅಂದ. "ಹಾಬಿ ಕಣೋ ಅದು. ಅದನ್ನೂ ಒಂದು ಟಾಸ್ಕ್ ಮಾಡ್ಕೊಂಡು ಟೆನ್ಶನ್ ತಗೋಬೇಡ. ಮೂಡಿದ್ರೆ ನುಡಿಸು, ಇಲ್ಲಾಂದ್ರೆ ಬಿಡು."

ಅವನ ಮಾತಲ್ಲಿ ನ್ಯಾಯ ಇದೆ. ನಮ್ಮ ಬದುಕಲ್ಲಿ ಆಗಲೇ ಎಲ್ಲದಕ್ಕೂ ಡೆಡ್‌ಲೈನ್ ಇದೆ. ಖುಷಿಗೆ ಶುರು ಮಾಡಿದ್ದನ್ನು ಖುಷಿ ಇಲ್ಲದಾಗ ಬಿಡೋದು ತಪ್ಪು ಹೇಗಾಗುತ್ತೆ? ನಾನು ಕಾಲೇಜಲ್ಲಿ ಗಿಟಾರ್ ಕೂಡ ತಗೊಂಡಿದ್ದೆ, ಆರು ತಿಂಗಳಿಗೆ ಬಿಟ್ಟೆ. ಅದರ ಬಗ್ಗೆ ಒಂದು ದಿನವೂ ಪಾಪಪ್ರಜ್ಞೆ ಕಾಡಿಲ್ಲ. ಹಾಗಾದರೆ ಅಕಾರ್ಡಿಯನ್ ವಿಷಯದಲ್ಲಿ ಮಾತ್ರ ಯಾಕೆ ಚುಚ್ಚುತ್ತೆ?

ಉತ್ತರ ಹುಡುಕ್ತಾ ಹೋದರೆ ನಮ್ಮೂರಿನ ಇನ್ನೊಂದು ಪೆಟ್ಟಿಗೆ ನೆನಪಾಯ್ತು.

ನಮ್ಮೂರು ಕುಣಿಗಲ್ ಕಡೆ. ಆಂಜನೇಯನ ಗುಡಿಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಊರಿನವರು ಚಂದಾ ಎತ್ತಿ ತಂದದ್ದು. ಶನಿವಾರ ಭಜನೆಗೂ ಅದೇ, ಬೇಸಿಗೆಯಲ್ಲಿ 'ಕುರುಕ್ಷೇತ್ರ' ನಾಟಕದ ಪ್ರಾಕ್ಟೀಸಿಗೂ ಅದೇ. ಅಂದಹಾಗೆ ಹಾರ್ಮೋನಿಯಂ, ಅಕಾರ್ಡಿಯನ್ ಎರಡೂ ದಾಯಾದಿಗಳು. ಎರಡರಲ್ಲೂ ಗಾಳಿ ಬಂದು ಲೋಹದ ಸಣ್ಣ ನಾಲಗೆಯನ್ನು ಅಲುಗಿಸಿದಾಗಲೇ ನಾದ ಹುಟ್ಟೋದು. ಎರಡೂ ಯುರೋಪಿನವು. ವಿಯೆನ್ನಾದಲ್ಲಿ 1829ರಲ್ಲಿ ಸಿರಿಲ್ ಡೆಮಿಯನ್ ಅಕಾರ್ಡಿಯನ್‌ಗೆ ಪೇಟೆಂಟ್ ಪಡೆದ. ಹಾರ್ಮೋನಿಯಂ ಮಾತ್ರ ನಮ್ಮಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನಮ್ಮದೇ ಆಗಿಬಿಡ್ತು. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ರೇಡಿಯೋ ಬೇಡ ಅಂದಾಗಲೂ ಹಳ್ಳಿಯ ಗುಡಿಗಳಲ್ಲಿ, ನಾಟಕದ ಅಟ್ಟಣೆಗಳಲ್ಲಿ ಅದನ್ನು ದಿನಾ ತೆಗೆದು ನುಡಿಸೋರು ಇದ್ದರು. ಹಾಗಾಗಿ ಉಳೀತು.

ನಮ್ಮೂರ ಪೆಟ್ಟಿಗೆಗೆ ಒಂದು ಬೀಗ, ಒಂದೇ ಕೀಲಿಕೈ. ಅದು ನಮ್ಮ ದೊಡ್ಡಪ್ಪನ ಹತ್ತಿರ ಇರ್ತಿತ್ತು, ಯಾಕೆಂದರೆ ಊರಲ್ಲಿ ಸುಮಾರಾಗಿ ನುಡಿಸ್ತಿದ್ದದ್ದು ಅವರೊಬ್ಬರೇ. ನಾನು ಐದನೇ ಕ್ಲಾಸಲ್ಲಿದ್ದಾಗ ಮಳೆ ಕೈಕೊಟ್ಟು, ದೊಡ್ಡಪ್ಪ ಕೆಲಸ ಹುಡುಕಿಕೊಂಡು ಪೀಣ್ಯಕ್ಕೆ ಬಂದರು. ಕೀಲಿಕೈ ಜೊತೆಗೇ ಬಂತು. ಬೇಕೂಂತ ಅಲ್ಲ. "ಮುಂದಿನ ತಿಂಗಳು ಬರ್ತೀನಲ್ಲ" ಅಂತಿದ್ದರು. ಹಾಗೇ ಒಂದು ವರ್ಷ ಕಳೀತು. ಊರವರಿಗೆ ಬೀಗ ಒಡೆಯೋಕೆ ಸಂಕೋಚ. ಒಡೆದರೆ ದೊಡ್ಡಪ್ಪನಿಗೆ ಅವಮಾನ ಮಾಡಿದ ಹಾಗೆ ಅಂತ. ಭಜನೆ ಬರೀ ತಾಳದ ಮೇಲೆ ನಡೀತು. ಕೊನೆಗೆ ನಾಟಕದ ಮೇಷ್ಟ್ರು ಬಂದು ಬೀಗ ಒಡೆಸಿದರು. ತಿದಿಯನ್ನು ಇಲಿ ಕಡಿದು ಗೂಡು ಕಟ್ಟಿತ್ತು.

ದೊಡ್ಡಪ್ಪ ಊರಿಗೆ ಬಂದಾಗ ಗುಡಿ ಜಗಲಿ ಮೇಲೆ ತಲೆ ತಗ್ಗಿಸಿ ಕೂತಿದ್ದರು. "ಹೊಟ್ಟೆಪಾಡಿಗೆ ಹೋದೆ ಮೇಷ್ಟ್ರೇ, ತಪ್ಪಾ?" ಅಂದರು. ಮೇಷ್ಟ್ರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

"ಹೋಗಿದ್ದು ತಪ್ಪಲ್ಲ ಕಣಪ್ಪ. ಕೀಲಿಕೈ ಜೇಬಲ್ಲಿ ಇಟ್ಕೊಂಡು ಹೋಗಿದ್ಯಲ್ಲ, ಅದು ತಪ್ಪು."

ಆವತ್ತಿನಿಂದ ಊರಲ್ಲಿ ಒಂದು ಕಟ್ಟಳೆ ಆಯ್ತು. ಕೀಲಿಕೈ ಇರೋರು ಶನಿವಾರ ಬರಬೇಕು. ಸತತ ನಾಲ್ಕು ಶನಿವಾರ ಬರದಿದ್ದರೆ ಇನ್ನೊಬ್ಬರಿಗೆ ಕೊಡಬೇಕು. ಚೆನ್ನಾಗಿ ನುಡಿಸಬೇಕು ಅಂತ ಯಾರೂ ಹೇಳಲಿಲ್ಲ. ಆಮೇಲೆ ಕೀಲಿಕೈ ಹಿಡಿದವನು ಒಂದೇ ಶ್ರುತಿ ಒತ್ತಿಕೊಂಡು ಕೂರ್ತಿದ್ದ, ಅಷ್ಟೇ ಬರ್ತಿದ್ದದ್ದು. ಆದರೂ ಪೆಟ್ಟಿಗೆ ತೆರೆದಿರ್ತಿತ್ತು. ಅವನು ನುಡಿಸೋದನ್ನು ನೋಡಿ ಇಬ್ಬರು ಹುಡುಗರು ಕಲಿತರು.

ಗಿಟಾರಿಗೂ ಅಕಾರ್ಡಿಯನ್‌ಗೂ ಇರೋ ವ್ಯತ್ಯಾಸ ಇದೇ ಅಂತ ಈಗ ಅನ್ನಿಸುತ್ತೆ. ನನ್ನ ಗಿಟಾರ್ ಮೂಲೆಗೆ ಬಿದ್ದಿದ್ದರಿಂದ ಇನ್ನೊಬ್ಬನಿಗೆ ಗಿಟಾರ್ ತಪ್ಪಲಿಲ್ಲ. ಅಂಗಡಿ ತುಂಬಾ ಇವೆ, ಮೇಷ್ಟ್ರುಗಳೂ ಇದ್ದಾರೆ. ಅಪರೂಪದ ವಾದ್ಯ ಹಾಗಲ್ಲ. ಅಂಕಲ್ ನನಗೆ ಕೊಟ್ಟ ಹದಿನಾರು ಭಾನುವಾರಗಳು ಬೇರೆ ಯಾರಿಗೋ ಸಿಗಬಹುದಿತ್ತು. ಅವರ ಹತ್ತಿರ ಇನ್ನೆಷ್ಟು ಭಾನುವಾರಗಳಿವೆಯೋ. ದುಡ್ಡು ಕೊಟ್ಟು ನಾನು ವಸ್ತು ಕೊಂಡೆ, ನಿಜ. ಅದರ ಜೊತೆ ಒಂದು ಜಾಗವನ್ನೂ ಹಿಡಿದುಕೊಂಡೆ. ಆ ಜಾಗ ಮಾರಾಟಕ್ಕಿರಲಿಲ್ಲ. "ನುಡಿಸ್ತೀನಿ" ಅನ್ನೋ ಮಾತಿನ ಮೇಲೆ ಸಿಕ್ಕಿದ್ದು.

ನಮ್ಮ ಕೆಲಸದ ಭಾಷೆಯಲ್ಲೇ ಹೇಳ್ತೀನಿ. ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದರ ಮೇಂಟೇನರ್ ಆಗಿ ಯಾರಾದರೂ ಸೇರಿ, ಆಮೇಲೆ ಮಗು ಆಯ್ತು, ಕೆಲಸ ಬದಲಾಯ್ತು ಅಂತ ಬಿಟ್ಟರೆ ಯಾರೂ ಬೈಯಲ್ಲ. "ನನ್ನ ಕೈಲಿ ಆಗ್ತಿಲ್ಲ, ಯಾರಾದರೂ ತಗೊಳ್ಳಿ" ಅಂತ ಒಂದು ಸಾಲು ಹಾಕಿದರೆ ಮರ್ಯಾದೆ ಜಾಸ್ತಿಯೇ ಆಗುತ್ತೆ. ಪಾಸ್‌ವರ್ಡ್ ಇಟ್ಟುಕೊಂಡು, ಪುಲ್ ರಿಕ್ವೆಸ್ಟ್‌ಗಳನ್ನು ನೋಡದೆ, ಬಿಟ್ಟುಕೊಡದೆ ಕೂರೋನ ಮೇಲೆ ನಮಗೆಲ್ಲ ಸಿಟ್ಟು ಬರುತ್ತೆ. ನಾನು ಅಕಾರ್ಡಿಯನ್ ವಿಷಯದಲ್ಲಿ ಥೇಟ್ ಅವನೇ ಆಗಿದ್ದೆ.

ಇದಕ್ಕೊಂದು ಆಕ್ಷೇಪ ಇದೆ. ಅಪರೂಪದ್ದನ್ನು ಕಲಿಯೋಕೆ ಹೊರಟವನ ತಲೆ ಮೇಲೆ ಇಷ್ಟು ಹೊರೆ ಹಾಕಿದರೆ ಯಾರು ತಾನೇ ಶುರು ಮಾಡ್ತಾರೆ? ಹೆದರಿ ಎಲ್ಲರೂ ಗಿಟಾರ್ ಕಡೆಗೇ ಹೋಗ್ತಾರೆ, ಅಪರೂಪದ್ದು ಇನ್ನೂ ಬೇಗ ಸಾಯುತ್ತೆ. ಈ ಮಾತು ನನ್ನನ್ನು ತುಂಬಾ ದಿನ ಕಾಡ್ತು. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನಿಗೆ ಮರುಳಾಗಿ, ವರ್ಷಗಟ್ಟಲೆ ಗುದ್ದಾಡಿ, ಕರ್ನಾಟಕ ಸಂಗೀತದ ಗಮಕಗಳನ್ನು ಅದರಲ್ಲಿ ಹೊರಡಿಸಿದರು. ಎಲ್ಲರೂ ಹಾಗಿರಬೇಕು ಅಂದರೆ ನಾನು ಇವತ್ತೇ ಕೈಮುಗಿದು ಎದ್ದು ಹೋಗ್ತೀನಿ.

ಆದರೆ ನಮ್ಮೂರ ಕಟ್ಟಳೆ ಅಷ್ಟು ಕೇಳೋದೇ ಇಲ್ಲವಲ್ಲ. ವಿದ್ವಾನ್ ಆಗು ಅನ್ನಲ್ಲ, ಸಾಯೋವರೆಗೂ ನುಡಿಸು ಅನ್ನಲ್ಲ. ಪೆಟ್ಟಿಗೆ ತೆಗಿ, ಇಲ್ಲಾ ಕೀಲಿಕೈ ಕೊಡು ಅನ್ನುತ್ತೆ, ಅಷ್ಟೇ. ಕೊಡೋದೂ ಒಂದು ಮರ್ಯಾದಸ್ಥ ದಾರಿಯೇ ಅಂತ ಗೊತ್ತಿದ್ದರೆ ಶುರು ಮಾಡೋಕೆ ಹೆದರಿಕೆ ಕಮ್ಮಿ ಆಗುತ್ತೆ. ಬಿಟ್ಟರೆ ಸೋತ ಹಾಗೆ ಅನ್ನೋ ನಾಚಿಕೆಗೇ ನಾವು ವಸ್ತುಗಳನ್ನು ಅಟ್ಟದ ಮೇಲೆ ಬಚ್ಚಿಡೋದು. ನನ್ನ ಕಥೆಯೂ ಅದೇ.

ಮುಂದಿನ ಭಾನುವಾರ ಪೆಟ್ಟಿಗೆ ಇಳಿಸಿ ಫ್ರೇಜರ್ ಟೌನ್‌ಗೆ ಹೋದೆ. "ಆಗಾಗ ಅಂದಿದ್ದು ಸುಳ್ಳು ಅಂಕಲ್" ಅಂದೆ. ಅವರು ಏನೂ ಅನ್ನಲಿಲ್ಲ. ಸ್ಕ್ರೂಡ್ರೈವರ್ ತಂದು ನನ್ನ ಕೈಗೆ ಕೊಟ್ಟು ಬಿಚ್ಚಿಸಿದರು. ರೀಡ್‌ಗಳನ್ನು ಮರದ ಪಟ್ಟಿಗೆ ಕೂರಿಸಿರೋದು ಜೇನುಮೇಣ, ರಾಳ ಸೇರಿಸಿ ಮಾಡಿದ ಅಂಟಿನಿಂದ. ವಯಸ್ಸಾದ ಹಾಗೆ ಅದು ಒಣಗಿ ಬಿರುಕು ಬಿಡುತ್ತೆ. ರೀಡ್ ಮೇಲಿನ ತೊಗಲಿನ ಸಣ್ಣ ಪಟ್ಟಿಗಳು ಸುರುಟಿಕೊಳ್ಳುತ್ತವೆ. ತೇವ ಸೇರಿದರೆ ತಿದಿಯ ಮಡಿಕೆಗಳಿಗೆ ಬೂಷ್ಟು. ನನ್ನದರಲ್ಲಿ ನಾಲ್ಕು ಪಟ್ಟಿ ಸುರುಟಿದ್ದವು, ತಿದಿಯ ಒಂದು ಮೂಲೆಯಲ್ಲಿ ಬೂಷ್ಟು ಕಾಣಿಸ್ತು. "ಜಾಸ್ತಿ ಆಗಿಲ್ಲ" ಅಂದರು. ಅವರು ಸಮಾಧಾನ ಮಾಡಿಕೊಳ್ತಿದ್ದಾರೋ, ನನಗೆ ಸಮಾಧಾನ ಹೇಳ್ತಿದ್ದಾರೋ ಗೊತ್ತಾಗಲಿಲ್ಲ.

ಆಮೇಲೆ ಊರಿನ ಕಟ್ಟಳೆಯನ್ನು ಅವರಿಗೆ ಹೇಳಿದೆ. ಅವರ ಚರ್ಚಿನಲ್ಲಿ ಕೀಬೋರ್ಡ್ ನುಡಿಸೋ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳಿದ್ದಾಳೆ, ಅಕಾರ್ಡಿಯನ್ ನೋಡಬೇಕು ಅಂತ ಕೇಳ್ತಿರ್ತಾಳಂತೆ. ಒಪ್ಪಂದ ಆಯ್ತು. ಯುಗಾದಿಯವರೆಗೆ ನನಗೆ ಸಮಯ. ಅಷ್ಟರೊಳಗೆ ಸತತ ನಾಲ್ಕು ಭಾನುವಾರ ನಾನು ತಪ್ಪಿಸಿದರೆ ಪೆಟ್ಟಿಗೆ ಆ ಹುಡುಗಿಗೆ, ದುಡ್ಡು ಕೇಳೋ ಹಾಗಿಲ್ಲ. ತಪ್ಪಿಸದಿದ್ದರೂ ಭಾನುವಾರದ ಅರ್ಧ ಗಂಟೆ ಅವಳದ್ದು. ಹೇಗೂ ನಾನು ಹೊತ್ತುಕೊಂಡು ಹೋಗಿರ್ತೀನಲ್ಲ.

ಪಕ್ಕದ ಫ್ಲಾಟಿನವರ ಹತ್ತಿರ ಮಾತಾಡಿದೆ. ಸಂಜೆ ಆರೂವರೆಯಿಂದ ಇಪ್ಪತ್ತು ನಿಮಿಷ ಪರವಾಗಿಲ್ಲ ಅಂದರು. ಇಷ್ಟು ಸುಲಭದ ಮಾತನ್ನು ಹದಿನಾಲ್ಕು ತಿಂಗಳು ಕೇಳಿರಲಿಲ್ಲ. ಇವತ್ತಿಗೂ ಎಡಗೈ ಬೆರಳು 'ಸಿ' ಬಟನ್ನಿನ ಗುಳಿ ಹುಡುಕ್ತಾ ದಾರಿ ತಪ್ಪುತ್ತೆ. ಹೋದ ವಾರ ಆ ಹುಡುಗಿ ಮೊದಲ ಸಲ ಹೆಗಲಿಗೆ ಪಟ್ಟಿ ಹಾಕಿಕೊಂಡಳು. ಹತ್ತೇ ನಿಮಿಷಕ್ಕೆ ನಾನು ಎರಡು ತಿಂಗಳು ಒದ್ದಾಡಿದ್ದ ಕಡೆ ದಮ್ಮು ಕಟ್ಟದ ಹಾಗೆ ತಿದಿ ಎಳೆದಳು. ನನಗೆ ಹೊಟ್ಟೆಕಿಚ್ಚಾಯ್ತು, ಸುಳ್ಳು ಹೇಳಲ್ಲ.

ಯುಗಾದಿಗೆ ಇನ್ನೂ ಏಳು ವಾರ ಇದೆ. ಪೆಟ್ಟಿಗೆ ಯಾರ ಮನೆಯಲ್ಲಿರುತ್ತೋ ಗೊತ್ತಿಲ್ಲ, ಅಟ್ಟದ ಮೇಲಂತೂ ಇರಲ್ಲ. ನಿಮ್ಮನೆ ಅಟ್ಟದ ಮೇಲೂ ಏನಾದರೂ ಇದ್ದೇ ಇರುತ್ತೆ. ಈ ಭಾನುವಾರ ಒಮ್ಮೆ ಏಣಿ ಹಾಕಿ ನೋಡಿ.