ಖಾಲಿ ಜಾಗ ಯಾರದು?

ಬ್ಯಾಂಕಿನ ಸಾಲದ ಕಡತಗಳಲ್ಲಿ ಕಟ್ಟಡವಿಲ್ಲದ ಜಮೀನನ್ನು ‘ಖಾಲಿ ನಿವೇಶನ’ ಅಂತ ಬರೆಯುವುದು ರೂಢಿ. ಹೈದರಾಬಾದಿಗೆ ಬಂದ ಮೇಲೆ ಆ ‘ಖಾಲಿ’ ಅನ್ನೋ ಮಾತೇ ನನ್ನನ್ನು ಕಾಡುತ್ತಿದೆ.

ನಮ್ಮ ನೀಲಕಂಠ ಹಕ್ಕಿಯನ್ನು ಇಲ್ಲಿನವರು ಪಾಲಪಿಟ್ಟ ಅಂತಾರೆ. ದಸರೆಯ ದಿನ ಕಂಡರೆ ಶುಭವಂತೆ. ಕರ್ನಾಟಕ, ತೆಲಂಗಾಣ ಎರಡಕ್ಕೂ ಅದೇ ರಾಜ್ಯಪಕ್ಷಿ. ಅದಕ್ಕೆ ಬೇಕಾದ್ದು ದಟ್ಟ ಕಾಡಲ್ಲ, ಹುಳುಹುಪ್ಪಟೆ ಸಿಗುವ ಬಯಲು. ನಗರ ಬೆಳೆಯುವುದೂ ಅಂಥ ಬಯಲಿನ ಮೇಲೆಯೇ. ಇಲ್ಲಿನ ಕಂಚ ಗಚ್ಚಿಬೌಲಿಯ 400 ಎಕರೆ ಕುರುಚಲು ಕಾಡಿಗೆ 2025ರ ಮಾರ್ಚಿನಲ್ಲಿ ಬುಲ್ಡೋಜರ್ ನುಗ್ಗಿದಾಗ ಅಲ್ಲಿ ನವಿಲುಗಳಿದ್ದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆ ಹಾಕಿತು.

ಊರು ಬಿಟ್ಟು ಬಂದವರಿಗೆ ಸೂರು ಬೇಕು, ನಿಜ. ಆದರೆ ಶುಭಕ್ಕಾಗಿ ಹಕ್ಕಿಯನ್ನು ಹುಡುಕುವ ನಾವೇ ಅದು ಮೇಯುವ ನೆಲವನ್ನು ಖಾಲಿ ಅನ್ನುವುದು ನ್ಯಾಯವೇ? ನಮಗಾದರೆ ವಾಪಸು ಹೋಗಲು ಊರಿದೆ. ಅದಕ್ಕೆ ಇದೇ ಊರು.