ಯಥಾಶಕ್ತಿ ಸಂಕಲ್ಪವೂ ಮನೆಯ ಹಬ್ಬವೂ

ಮನುಷ್ಯನು ತನ್ನ ಬಾಳಿಗೆ ಒಂದು ಗುರಿಯನ್ನಿಟ್ಟುಕೊಳ್ಳಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಹಿರಿಯರಿಂದ ಬಂದ ಹಬ್ಬಹುಣ್ಣಿಮೆಗಳನ್ನು ಮನೆಯಲ್ಲಿ ಕಾಪಾಡಿಕೊಂಡು ಬರಬೇಕೆಂಬುದನ್ನೂ ಬಹುಜನರು ಒಪ್ಪುವರು. ಆದರೆ ಈ ಎರಡು ಮಾತುಗಳನ್ನು ಒಂದೇ ಮನೆಯಲ್ಲಿ, ಒಂದೇ ಆದಾಯದಲ್ಲಿ ನಡೆಯಿಸಹೊರಟಾಗ ತೊಡಕು ತೋರುತ್ತದೆ. ಗುರಿಯು ಒಬ್ಬನದಾಗಿರುತ್ತದೆ, ಹಬ್ಬವು ಮನೆಯವರೆಲ್ಲರದು. ಇವೆರಡಕ್ಕೂ ವಿರೋಧ ಬಂದಾಗ ಯಾವುದನ್ನು ಬಿಡತಕ್ಕದ್ದು, ಅಥವಾ ಎರಡನ್ನೂ ಉಳಿಸಿಕೊಳ್ಳುವ ಮಾರ್ಗವೊಂದುಂಟೋ ಎಂಬುದೇ ಇಲ್ಲಿಯ ವಿಚಾರ.

ಬಸವಕಲ್ಯಾಣ, ಹುಮನಾಬಾದಗಳ ಸೀಮೆಯಲ್ಲಿ ಈ ಪ್ರಶ್ನೆಯು ಪ್ರತಿವರ್ಷವೂ ಒಂದು ನಿಯತಕಾಲದಲ್ಲಿ ತಾನಾಗಿಯೇ ಎದ್ದು ನಿಲ್ಲುತ್ತದೆ. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ೧೮೧೭ರಲ್ಲಿ ಜನಿಸಿ ೧೮೬೫ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸ್ಥಾನವಾದ ಮಾಣಿಕನಗರವು ಹುಮನಾಬಾದಕ್ಕೆ ಹೊಂದಿಕೊಂಡಿದೆ. ಅಲ್ಲಿ ಮಾರ್ಗಶೀರ್ಷದ ಪೂರ್ಣಿಮೆಗೆ ದತ್ತಜಯಂತಿಯ ಉತ್ಸವ. ಅದಕ್ಕೆ ಹದಿನೈದು ದಿನಗಳ ಮೇಲೆ ಮನೆಮನೆಯ ಹಬ್ಬವಾದ ಎಳ್ಳ ಅಮಾವಾಸ್ಯೆ. ಇಂಗ್ಲಿಷ್ ವರ್ಷದ ಆರಂಭವೂ ಇದರ ಆಸುಪಾಸಿನಲ್ಲಿಯೇ ಬರುವುದುಂಟು. ೨೦೨೪ರಲ್ಲಿ ಆ ಅಮಾವಾಸ್ಯೆಯು ಡಿಸೆಂಬರ್ ೩೦ರಂದು ಬಂದಿತು. ಎರಡು ದಿನ ಕಳೆದರೆ ಜನವರಿ ೧. ಹೈದರಾಬಾದ, ಪುಣೆ, ಬೆಂಗಳೂರುಗಳಲ್ಲಿ ಉದ್ಯೋಗಕ್ಕಿರುವ ಈ ಸೀಮೆಯ ತರುಣರಿಗೆ ಒಂದೇ ವಾರದಲ್ಲಿ ಎರಡು ಕರೆಗಳು ಬಂದಂತಾಯಿತು. ಹೊಲಕ್ಕೆ ಬಾ ಎಂಬುದು ಮನೆಯ ಕರೆ. ಹೊಸ ವರ್ಷಕ್ಕೆ ಹೊಸ ಗುರಿಯಿಟ್ಟುಕೋ ಎಂಬುದು ಪಟ್ಟಣದ ಕರೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಹುಮನಾಬಾದ ತಾಲೂಕಿನ ಒಕ್ಕಲು ಮನೆಯ ಮಗನೊಬ್ಬನು ಪುಣೆಯಲ್ಲಿ ನೌಕರಿಗಿದ್ದಾನೆ. ಬರುವ ವರ್ಷಕ್ಕೆಂದು ಅವನು ಒಂದು ದಿನಚರಿ ಪುಸ್ತಕವನ್ನು ಕೊಂಡು ಅದರಲ್ಲಿ ಹತ್ತು ಸಂಕಲ್ಪಗಳನ್ನು ಬರೆಯುತ್ತಾನೆ: ಬೆಳಗಿನ ನಾಲ್ಕು ಗಂಟೆಗೆ ಏಳುವುದು, ದಿನವೂ ಐದು ಮೈಲಿ ನಡೆಯುವುದು, ಮೇಲಿನ ಪರೀಕ್ಷೆಗೆ ಕೂಡುವುದು, ಮನೆಯ ಸಾಲವನ್ನೆಲ್ಲ ತೀರಿಸುವುದು, ಐವತ್ತು ಗ್ರಂಥಗಳನ್ನು ಓದುವುದು ಇತ್ಯಾದಿ. ಇಷ್ಟು ಕೆಲಸವಿರುವಾಗ ಎರಡು ದಿನ ವ್ಯರ್ಥವಾಗಬಾರದೆಂದು ಆ ವರ್ಷದ ಹಬ್ಬಕ್ಕೆ ಊರಿಗೆ ಹೋಗುವುದನ್ನು ಬಿಡುತ್ತಾನೆ. ಶಿವರಾತ್ರಿಯ ಹೊತ್ತಿಗೆ ಆ ಪುಸ್ತಕದಲ್ಲಿ ಹಾಲಿನ ಲೆಕ್ಕ ಮಾತ್ರ ಉಳಿದಿರುತ್ತದೆ. ಹಬ್ಬವೂ ತಪ್ಪಿತು, ಹತ್ತು ಸಂಕಲ್ಪಗಳಲ್ಲಿ ಒಂದೂ ನಿಲ್ಲಲಿಲ್ಲ. ಈ ಮಗನು ದುಷ್ಟನಲ್ಲ, ಸೋಮಾರಿಯೂ ಅಲ್ಲ. ಹಾಗಾದರೆ ದೋಷವೆಲ್ಲಿದೆ? ಸಂಕಲ್ಪಮಾಡುವ ಕ್ರಮದಲ್ಲಿಯೇ ಇದೆಯೆಂದು ಹೇಳಬೇಕಾಗುತ್ತದೆ.

ಪೂಜೆ ವ್ರತಗಳ ಆರಂಭದಲ್ಲಿ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಕೇಳದ ವಾಚಕರು ವಿರಳ. ಅದರಲ್ಲಿ ಕರ್ತೃವು ಮೊದಲು ತಾನಿರುವ ದೇಶವನ್ನು ಹೇಳುತ್ತಾನೆ: ಭರತಖಂಡ, ಗೋದಾವರಿಯ ದಕ್ಷಿಣತೀರ. ಆಮೇಲೆ ಕಾಲವನ್ನು ಹೇಳುತ್ತಾನೆ: ಶಾಲಿವಾಹನ ಶಕ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಅನಂತರ ತನ್ನ ಹೆಸರಿನೊಡನೆ ಕುಟುಂಬದವರೆಲ್ಲರ ಕ್ಷೇಮವನ್ನೂ ಸೇರಿಸುತ್ತಾನೆ. ಕಡೆಯಲ್ಲಿ ಮಾಡತಕ್ಕ ಕರ್ಮವನ್ನು ಹೇಳುವಾಗ ಯಥಾಶಕ್ತಿ ಎಂಬ ಮಾತನ್ನು ಕೂಡಿಸುತ್ತಾನೆ. ಇದನ್ನು ಬಾಯಿಪಾಠವೆಂದು ಬಿಡದೆ ಅರ್ಥವಿಚಾರ ಮಾಡಿದರೆ ಮೂರು ಸಂಗತಿಗಳು ಸಿಗುತ್ತವೆ. ಗುರಿಯನ್ನಿಡುವವನು ತಾನೆಲ್ಲಿ, ಯಾವ ಸ್ಥಿತಿಯಲ್ಲಿ ನಿಂತಿರುವೆನೆಂಬುದನ್ನು ಮೊದಲು ತಿಳಿದಿರಬೇಕು. ತನ್ನ ಗುರಿಯಲ್ಲಿ ಮನೆಯವರಿಗೂ ಎಡೆಯಿರಬೇಕು. ತನ್ನ ಬಲವೆಷ್ಟೋ ಅಷ್ಟನ್ನೇ ನುಡಿಯಬೇಕು. ಪುಣೆಯ ತರುಣನ ಹತ್ತು ಸಂಕಲ್ಪಗಳಲ್ಲಿ ಈ ಮೂರೂ ಇರಲಿಲ್ಲ.

ಅಳತೆಯುಳ್ಳ ಗುರಿಗೆ ಕಲ್ಯಾಣಪಟ್ಟಣದಲ್ಲಿಯೇ ಒಂದು ನಿದರ್ಶನವುಂಟು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಕಾಲದಲ್ಲಿ ಅಮರೇಶ್ವರ ಗ್ರಾಮದಿಂದ ಬಂದು ಇಲ್ಲಿ ನೆಲಸಿದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯು ಶರಣಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ; ಅದರಿಂದಲೇ ಜಂಗಮರಿಗೆ ದಾಸೋಹ. ಒಂದು ದಿನ ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತ ಗಂಡನಿಗೆ ಲಕ್ಕಮ್ಮನು ಕಾಯಕದ ನೆನಪು ಕೊಟ್ಟಳು. ಅವನು ಅವಸರದಿಂದ ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಚ್ಚು ತಂದುದಕ್ಕೆ ಅವಳು ಸಂತೋಷಪಡಲಿಲ್ಲ. ಇದು ಆಸೆಯೆಂದು ಆಕ್ಷೇಪಿಸಿ, ಮಿಕ್ಕುದನ್ನು ಮೊದಲಿದ್ದಲ್ಲಿಯೇ ಚೆಲ್ಲಿ ಬರುವಂತೆ ಮಾಡಿದಳು. ಮೈಮರೆತು ಕಡಿಮೆಮಾಡುವುದೂ ಅವಸರಪಟ್ಟು ಹೆಚ್ಚುಮಾಡುವುದೂ ಎರಡೂ ಅಳತೆ ತಪ್ಪಿದ ನಡೆಗಳೇ ಎಂಬುದನ್ನು ಆ ಗೃಹಿಣಿಯು ಕಂಡಿದ್ದಳು. ಅಲ್ಲದೆ, ಆ ಅಳತೆಯನ್ನು ಕಾದವಳು ಮನೆಯವಳೇ ಎಂಬುದನ್ನೂ ಗಮನಿಸತಕ್ಕದ್ದು.

ಇಲ್ಲಿ ಹೀಗೆ ಶಂಕಿಸಬಹುದು: ಶಕ್ತಿಯಿದ್ದಷ್ಟೇ ಮಾಡುವೆನೆಂಬುದು ಆಲಸ್ಯಕ್ಕೆ ಹೊದಿಸಿದ ಶಾಲಲ್ಲವೇ? ವಿಘ್ನಗಳಿಗೆ ಹೆದರಿ ಆರಂಭಿಸದವರನ್ನು ಭರ್ತೃಹರಿಯು ಕೀಳೆಂದು ಗಣಿಸಿದ್ದಾನಲ್ಲವೇ? ಈ ಶಂಕೆಯು ನ್ಯಾಯವಾದುದೇ. ಇದಕ್ಕೆ ಸಮಾಧಾನವು ಧರ್ಮಶಾಸ್ತ್ರದಲ್ಲಿಯೇ ದೊರೆಯುತ್ತದೆ. ಶಾಸ್ತ್ರಕಾರರು ಮುಖ್ಯಕಲ್ಪ, ಅನುಕಲ್ಪಗಳೆಂದು ಎರಡನ್ನು ಹೇಳುತ್ತಾರೆ. ಪೂರ್ಣವಿಧಿಯು ಮುಖ್ಯಕಲ್ಪ, ಅಶಕ್ತನಿಗೆ ಹೇಳಿದ ಬದಲಿವಿಧಿಯು ಅನುಕಲ್ಪ. ಮುಖ್ಯಕಲ್ಪಕ್ಕೆ ಸಮರ್ಥನಾಗಿದ್ದೂ ಅನುಕಲ್ಪವನ್ನು ಹಿಡಿಯುವವನಿಗೆ ಫಲವಿಲ್ಲವೆಂದು ಮನುವು ಸ್ಪಷ್ಟವಾಗಿ ನುಡಿದಿದ್ದಾನೆ. ಆದಕಾರಣ ಯಥಾಶಕ್ತಿ ಎಂಬುದು ಶಕ್ತಿಗಿಂತ ಮಿಗಿಲಾದುದನ್ನು ನಿಷೇಧಿಸುವಂತೆ ಶಕ್ತಿಗಿಂತ ಕಡಿಮೆಯಾದುದನ್ನೂ ನಿಷೇಧಿಸುತ್ತದೆ. ಭರ್ತೃಹರಿಯ ಮಾತಿಗೂ ಇದಕ್ಕೂ ವಿರೋಧವಿಲ್ಲ. ಎಷ್ಟು ವಿಘ್ನ ಬಂದರೂ ಹಿಡಿದುದನ್ನು ಬಿಡದವನೇ ಉತ್ತಮನೆಂದು ಅವನು ಹೇಳುವಾಗ, ಬಿಡದೆ ಹಿಡಿಯಬಲ್ಲುದನ್ನು ಮೊದಲೇ ಆರಿಸಿಕೊಳ್ಳಬೇಕೆಂಬುದು ಅರ್ಥದಿಂದಲೇ ಸಿದ್ಧಿಸುತ್ತದೆ.

ಗುರಿಯ ದೊಡ್ಡತನವು ಅದರ ಬಾಳಿಕೆಗೆ ಪ್ರಮಾಣವಲ್ಲವೆಂಬುದಕ್ಕೆ ಕಲ್ಯಾಣದ ಇತಿಹಾಸವೇ ಸಾಕ್ಷಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟಕ್ಕೆ ಬಂದು, ಶಕವರ್ಷವನ್ನು ಬದಿಗಿರಿಸಿ ಚಾಲುಕ್ಯ ವಿಕ್ರಮವರ್ಷವೆಂಬ ಹೊಸ ಗಣನೆಯನ್ನು ತೊಡಗಿದನು. ೧೧೨೬ರವರೆಗೆ ಐವತ್ತು ವರ್ಷ ಆಳಿದನು. ಅವನ ಕಾಲದ ಅನೇಕ ಶಾಸನಗಳಲ್ಲಿ ಆ ವರ್ಷದ ಎಣಿಕೆ ಕಾಣಬರುತ್ತದೆ. ಆದರೂ ಇಂದು ಆ ರಾಜಧಾನಿಯಲ್ಲಿಯೇ ಪಂಚಾಂಗ ಬಿಚ್ಚಿದರೆ ಸಿಗುವುದು ಶಾಲಿವಾಹನ ಶಕವೇ. ಚಕ್ರವರ್ತಿಯ ಹಿರಿಮೆಗೆ ಇದರಿಂದ ಕುಂದಿಲ್ಲ. ಒಬ್ಬನ ಬಲದಿಂದ ನಿಂತುದು ಆ ಬಲದೊಡನೆ ಹೋಗುತ್ತದೆ, ಎಲ್ಲರೂ ವರ್ಷವರ್ಷವೂ ಮಾಡಬಲ್ಲುದು ಉಳಿಯುತ್ತದೆ ಎಂಬುದಷ್ಟೇ ತಾತ್ಪರ್ಯ.

ಎಳ್ಳ ಅಮಾವಾಸ್ಯೆಯು ಹಾಗೆ ಉಳಿದಿರುವ ಆಚರಣೆ. ಆ ದಿನ ಹಿಂಗಾರಿಯ ಬಿಳಿಜೋಳವು ಹೊಲದಲ್ಲಿ ನಿಂತಿರುತ್ತದೆ. ಕಡಲೆ, ತೊಗರಿಗಳು ಕಾಯಿಗಟ್ಟಿರುತ್ತವೆ. ಬೀದರ, ಕಲಬುರಗಿ ಜಿಲ್ಲೆಗಳಲ್ಲಿಯೂ ನೆರೆಯ ಲಾತೂರಿನ ಕಡೆಯಲ್ಲಿಯೂ ಜನರು ಮನೆಮಂದಿಯೊಡನೆ ಹೊಲಕ್ಕೆ ಹೋಗುತ್ತಾರೆ. ಪೇಟೆಯ ಬೀದಿಗಳು ಬರಿದಾಗುತ್ತವೆ. ಜೋಳದ ದಂಟಿನ ಚಿಕ್ಕ ಗುಡಿಸಲನ್ನು ಕಟ್ಟಿ, ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ, ಅವನ್ನೇ ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಹಸಿ ಕಾಳು, ಸೊಪ್ಪು, ತರಕಾರಿಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಜೋಳದ ಅಂಬಲಿ, ಇವೇ ಆ ದಿನದ ಊಟ. ಹೊಲವಿಲ್ಲದ ನೆರೆಯವರನ್ನೂ ಗೆಳೆಯರನ್ನೂ ಜಾತಿ ಮತ ನೋಡದೆ ಕರೆದು ಉಣಿಸುತ್ತಾರೆ. ಈ ಹಬ್ಬವು ಬೇಡುವುದೆಲ್ಲ ಆ ಋತುವಿನಲ್ಲಿ ಹೊಲವೇ ಕೊಡುವಂಥದು. ದಿನವು ನಿಯತ, ಕೆಲಸವು ಮಿತ, ಭಾಗಿಗಳು ಬಹುಜನ. ಸಾಧ್ಯವಾದ ಗುರಿಗೆ ಇದಕ್ಕಿಂತ ಬೇರೆ ಲಕ್ಷಣವನ್ನು ಹೇಳಬೇಕಾಗಿಲ್ಲ.

ಇನ್ನು ಸ್ವಂತದ ಗುರಿಗೂ ಮನೆಯ ಹಬ್ಬಕ್ಕೂ ವಿರೋಧ ಬಂದಾಗ ತೀರ್ಪೇನು ಎಂಬ ಮುಖ್ಯಪ್ರಶ್ನೆಗೆ ಬರಬೇಕು. ಇದಕ್ಕೂ ಕಲ್ಯಾಣದಲ್ಲಿಯೇ ಬರೆದ ಗ್ರಂಥವೊಂದು ಬೆಳಕು ಕೊಡಬಲ್ಲುದು. ಅದೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವು ವಂಗದೇಶವೊಂದನ್ನುಳಿದು ಬಹುಮಟ್ಟಿಗೆ ಭಾರತದಲ್ಲೆಲ್ಲ ದಾಯವಿಭಾಗಕ್ಕೆ ಪ್ರಮಾಣವಾಯಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂಬುದು ಅವನ ಸಿದ್ಧಾಂತ. ಹಾಗಿರುವುದರಿಂದ ತಂದೆಯಾದರೂ ತನ್ನ ಮನಸ್ಸಿಗೆ ಬಂದಂತೆ ಅದನ್ನು ಕಳೆಯಲಾಗದು. ಇದಕ್ಕೆ ಪ್ರತಿಯಾಗಿ ಸ್ವಾರ್ಜಿತವೆಂಬುದೂ ಉಂಟು; ಅದು ಗಳಿಸಿದವನದೇ. ಆದರೆ ಪಿತೃದ್ರವ್ಯಕ್ಕೆ ಹಾನಿಬಾರದಂತೆ ಗಳಿಸಿದ್ದರೆ ಮಾತ್ರ ಅದು ಸ್ವಾರ್ಜಿತವೆನಿಸುವುದು. ವಿದ್ಯೆಯಿಂದ ಬಂದ ಧನಕ್ಕೂ ಈ ನಿಬಂಧನೆಯನ್ನು ವಿಜ್ಞಾನೇಶ್ವರನು ಅನ್ವಯಿಸಿದ್ದಾನೆ.

ಹಬ್ಬವನ್ನು ಪಿತ್ರಾರ್ಜಿತಕ್ಕೂ ಸ್ವಂತದ ಗುರಿಯನ್ನು ಸ್ವಾರ್ಜಿತಕ್ಕೂ ಹೋಲಿಸಿದರೆ ನ್ಯಾಯವು ತಿಳಿಯಾಗುತ್ತದೆ. ಹಬ್ಬದಲ್ಲಿ ಮನೆಯ ಮಕ್ಕಳಿಗೆಲ್ಲ ಹುಟ್ಟಿನಿಂದ ಭಾಗವಿದೆ. ಇನ್ನೂ ಹುಟ್ಟದವರಿಗೂ ಇದೆ. ತನಗೆ ಬಿಡುವಿಲ್ಲವೆಂದು ಒಬ್ಬನು ಅದನ್ನು ಕೈಬಿಟ್ಟರೆ ಕಳೆಯುವುದು ಅವನೊಬ್ಬನ ಸೊತ್ತಲ್ಲ. ಗುರಿಯಾದರೋ ಅವನದು, ಅದನ್ನು ಬೆನ್ನಟ್ಟಲು ಅವನಿಗೆ ಪೂರ್ಣ ಅಧಿಕಾರವುಂಟು, ಪಿತ್ರಾರ್ಜಿತಕ್ಕೆ ಹಾನಿಬಾರದಂತೆ. ಮನೆಯ ಹಣದಿಂದ ಓದಿ ಗಳಿಸಿದ ಸಂಪಾದನೆಯೂ ಓದಿದವನದೇ ಎಂದು ೧೯೩೦ರ ಕಾಯಿದೆಯು ವಿಧಿಸಿತು. ವ್ಯವಹಾರಕ್ಕೆ ಅದು ಸರಿ. ಆದರೆ ಕಾಯಿದೆಯು ಹಣದ ಭಾಗವನ್ನು ಬಿಡಿಸಬಲ್ಲುದೇ ಹೊರತು ಋಣವನ್ನು ಬಿಡಿಸಲಾರದು. ಹೊಲದ ಜೋಳವನ್ನು ಮಾರಿ ಮಗನ ಶುಲ್ಕವನ್ನು ಕಟ್ಟಿದ ತಾಯಿತಂದೆಗಳು ವರ್ಷಕ್ಕೊಂದು ದಿನ ಅದೇ ಹೊಲಕ್ಕೆ ಬಾ ಎಂದರೆ, ಅದು ದೊಡ್ಡ ಬೇಡಿಕೆಯಲ್ಲ.

ಇಷ್ಟರಿಂದ ಹಬ್ಬದ ಹೆಸರಿನಲ್ಲಿ ಬಂದುದನ್ನೆಲ್ಲ ಹೊರಬೇಕೆಂದು ತಿಳಿಯಬಾರದು. ತಂದೆಯ ಸಾಲವನ್ನು ಮಗನು ತೀರಿಸಬೇಕೆಂದು ವಿಧಿಸಿದ ಯಾಜ್ಞವಲ್ಕ್ಯನೇ ಮದ್ಯ, ಜೂಜು, ವೃಥಾದಾನ ಮೊದಲಾದವುಗಳಿಗಾಗಿ ಮಾಡಿದ ಸಾಲವನ್ನು ಮಗನು ಕೊಡಬೇಕಾಗಿಲ್ಲವೆಂದಿದ್ದಾನೆ. ನೆರೆಯವರಿಗಿಂತ ಹೆಚ್ಚು ತೋರಿಸಬೇಕೆಂದು ಬಡ್ಡಿಗೆ ಹಣ ತಂದು ಮಾಡುವ ವೆಚ್ಚವು ವೃಥಾದಾನದ ಜಾತಿಗೆ ಸೇರಿದುದು. ಅದನ್ನು ಸಂಪ್ರದಾಯವೆಂದು ಮುಂದಿನವರ ತಲೆಗೆ ಕಟ್ಟುವುದು ಧರ್ಮವಲ್ಲ.

ಇದಕ್ಕಿಂತ ಗುರುತರವಾದ ಇನ್ನೊಂದು ಮಾತುಂಟು. ಹಿಂದಿನ ದಿನವೆಲ್ಲ ಕಾಳು ಸುಲಿದು, ಸೊಪ್ಪು ಸೋಸಿ, ಇರುಳಿನಲ್ಲೆದ್ದು ರೊಟ್ಟಿ ಬಡಿಯುವವರು ಯಾರು? ಬಹುತೇಕ ಮನೆಗಳಲ್ಲಿ ಹೆಂಗಸರೇ. ಗಂಡಸರು ಹೊಲದಲ್ಲಿ ಉಂಡು ಮರದ ನೆಳಲಲ್ಲಿ ಮಲಗಿ, ನಮ್ಮ ಸಂಪ್ರದಾಯವು ಶ್ರೇಷ್ಠವೆಂದು ಕೊಂಡಾಡುತ್ತಾರೆ. ಒಬ್ಬರ ಬೆನ್ನಿನ ಮೇಲೆ ನಿಂತ ಹಬ್ಬವನ್ನು ಸಾಮೂಹಿಕವೆನ್ನುವುದು ಹೇಗೆ? ಕರ್ನಾಟಕದಲ್ಲಿ ೧೯೯೪ರಲ್ಲಿಯೂ, ದೇಶಕ್ಕೆಲ್ಲ ೨೦೦೫ರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳು ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಸಮಭಾಗಿಗಳಾದರು. ಸೊತ್ತಿನಲ್ಲಿ ಅವರಿಗೆ ಭಾಗ ಬಂದ ಮೇಲೆ ದುಡಿಮೆಯಲ್ಲಿ ಗಂಡುಮಕ್ಕಳಿಗೂ ಭಾಗ ಬರಬೇಕಾದುದು ನ್ಯಾಯ. ಯಥಾಶಕ್ತಿ ಎಂಬ ಮಾತು ಪೂಜೆಗೆ ಕುಳಿತವನಿಗೆ ಮಾತ್ರ ಸಲ್ಲುವುದಲ್ಲ; ಅಡುಗೆಯ ಒಲೆಯ ಮುಂದೆ ಕುಳಿತವಳ ಶಕ್ತಿಯೂ ಅಳತೆಗೆ ಬರತಕ್ಕದ್ದು. ಅವಳ ಶಕ್ತಿ ಕುಂದಿದಂದು ಹಬ್ಬದ ಅಡುಗೆಯೂ ಕುಗ್ಗಲಿ, ಅಥವಾ ದುಡಿಯುವ ಕೈಗಳು ಹೆಚ್ಚಲಿ. ಇವೆರಡೂ ಆಗದ ಮನೆಯಲ್ಲಿ ಹಬ್ಬವು ಬಹುಕಾಲ ನಿಲ್ಲದು. ನಿಂತರೂ ಅದರಲ್ಲಿ ಪುಣ್ಯವಿಲ್ಲ.

ಮೇಲೆ ಕಲ್ಪಿಸಿದ ತರುಣನಿಗೆ ಈಗ ಹೇಳತಕ್ಕದ್ದೇನು? ಹತ್ತು ಸಂಕಲ್ಪಗಳಲ್ಲಿ ಒಂಬತ್ತನ್ನು ಅವನು ಸಮಾಧಾನದಿಂದ ಅಳಿಸಬಹುದು. ಪರೀಕ್ಷೆಯೇ ಮುಖ್ಯವೆಂದಾದರೆ ದಿನಕ್ಕೊಂದು ಗಂಟೆಯ ಓದನ್ನು ಹಿಡಿಯಲಿ. ಜ್ವರ ಬಂದ ದಿನ ಅರ್ಧ ಗಂಟೆಯೂ ಸಾಕು, ಬಿಡುವುದು ಬೇಡ. ಇದು ಅವನ ಸ್ವಾರ್ಜಿತ. ವರ್ಷಕ್ಕೆ ಎರಡು ದಿನವನ್ನು ಪಿತ್ರಾರ್ಜಿತಕ್ಕೆಂದು ಎತ್ತಿಡಲಿ. ಪುಣೆಯಿಂದ ಹೈದರಾಬಾದಕ್ಕೆ ಹೋಗುವ ಹೆದ್ದಾರಿಯು ಹುಮನಾಬಾದದ ಮೇಲೆಯೇ ಹಾದುಹೋಗುತ್ತದೆ. ಅಮಾವಾಸ್ಯೆಯ ದಿನ ಉಣ್ಣುವ ಹೊತ್ತಿಗೆ ಬರದೆ, ಹಿಂದಿನ ದಿನವೇ ಬಂದು, ತಾಯಿಯ ಮಗ್ಗುಲಲ್ಲಿ ಕುಳಿತು ಕಡಲೆ ಸುಲಿಯಲಿ. ಒಂದು ಗಂಟೆಯ ಓದು ನಡೆದಿದೆಯೇ ಎಂದು ಆಗ ಅವಳು ಕೇಳುವಳು. ನಡೆದಿದೆಯೆಂದು ಹೇಳುವಂತಿರಬೇಕೆಂಬ ಎಣಿಕೆಯೇ ಮುಂದಿನ ವರ್ಷವೆಲ್ಲ ಅವನನ್ನು ನಡೆಯಿಸುವುದು. ಬರಿಯ ದಿನಚರಿ ಪುಸ್ತಕವು ಹೀಗೆ ಕೇಳಲಾರದು. ಗುರಿಯನ್ನು ನೆನಪಿಸುವವರು ಮನೆಯಲ್ಲಿದ್ದರೆ, ಅವರೆಲ್ಲರೂ ಕೂಡುವ ಒಂದು ದಿನವು ವರ್ಷದಲ್ಲಿ ಉಳಿದಿದ್ದರೆ, ಯಥಾಶಕ್ತಿ ಮಾಡಿದ ಸಂಕಲ್ಪವು ನಡೆದೀತು.