ಉಸಿರು ಎಂಬ ಅಮಾನತ್ತು



ಈ ಎರಡು ಸಾಲು ಓದುವಷ್ಟರಲ್ಲಿ ನೀವು ಒಂದೆರಡು ಬಾರಿ ಉಸಿರಾಡಿರುತ್ತೀರಿ. ಅದಕ್ಕಾಗಿ ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಬೇಕೆಂದು ನಿಮಗೆ ತೋಚಿರಲಿಕ್ಕಿಲ್ಲ. ಉಸಿರಿನ ಬೆಲೆ ತಿಳಿಯುವುದು ಅದು ಕಟ್ಟಿದಾಗಲೇ.

ಕೆಂಚಾರ್ಲಹಳ್ಳಿಯ ಕಡೆಯ ಹಿರಿಯರೊಬ್ಬರನ್ನು ನಾನು ಬಲ್ಲೆ. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ಗೂಡು ಬೇಯಿಸುವ ಒಲೆಯ ಹೊಗೆ, ಅದರ ಮೇಲೆ ಬೀಡಿ. ಈಗ ಮಸೀದಿಗೆ ಬರುವ ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಾರೆ. ಒಂದು ರಮಝಾನ್‌ನಲ್ಲಿ ಹಠ ಹಿಡಿದು ಉಪವಾಸವಿದ್ದರು. ಹಗಲಲ್ಲಿ ಇನ್ಹೇಲರ್ ಮುಟ್ಟಲಿಲ್ಲ. ನಾಲ್ಕನೆಯ ದಿನ ತುಟಿ ನೀಲಿಗಟ್ಟಿ ಆಸ್ಪತ್ರೆ ಸೇರಿದರು. "ಮೌಲ್ವಿ ಸಾಬ್, ಉಪವಾಸ ಬಿಟ್ಟರೆ ಅಲ್ಲಾಹನಿಗೆ ಏನು ಉತ್ತರ ಹೇಳಲಿ?" ಎಂದು ಅವರು ಕೇಳಿದಾಗ ನನಗೆ ನಾಚಿಕೆಯಾಯಿತು. ಪ್ರತಿ ವರ್ಷ ಉಪವಾಸದ ಶ್ರೇಷ್ಠತೆ ಸಾರುವ ನಾನು, ರೋಗಿಗಿರುವ ರಿಯಾಯಿತಿಯನ್ನು ಅಷ್ಟೇ ಸ್ಪಷ್ಟವಾಗಿ ಹೇಳಿರಲಿಲ್ಲ.

ಪವಿತ್ರ ಕುರ್‌ಆನ್‌ನ ಅಲ್ ಬಕರ ಅಧ್ಯಾಯದಲ್ಲಿ ಉಪವಾಸದ ಆಜ್ಞೆಯ ಜೊತೆಯಲ್ಲೇ ರೋಗಿಗೆ ವಿನಾಯಿತಿಯೂ ಇದೆ. ಗುಣವಾಗುವ ನಿರೀಕ್ಷೆಯಿಲ್ಲದ ರೋಗಿ ದಿನಕ್ಕೊಬ್ಬ ಬಡವನಿಗೆ ಉಣಿಸಿ ಫಿದ್ಯ ಕೊಡಬಹುದು. ಇನ್ಹೇಲರ್‌ನಿಂದ ಉಪವಾಸ ಮುರಿಯುವುದೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ನಿಮ್ಮ ಆಲಿಮರನ್ನು ಕೇಳಿರಿ. ಆದರೆ ಔಷಧವನ್ನು ಮಾತ್ರ ನಿಲ್ಲಿಸಬೇಡಿರಿ. ನಿಂತು ನಮಾಝ್ ಮಾಡಲಾಗದವನು ಕುಳಿತು, ಅದೂ ಆಗದಿದ್ದರೆ ಮಲಗಿ ಮಾಡಲೆಂದು ಪ್ರವಾದಿವರ್ಯರು(ಸ) ಇಮ್ರಾನ್ ಬಿನ್ ಹುಸೈನ್‌ರಿಗೆ(ರ) ತಿಳಿಸಿದ್ದರು. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದೂ ಅವನಿಗೆ ವಿಧೇಯತೆಯೇ.

ಈ ರೋಗಕ್ಕೆ ವೈದ್ಯರು ಸಿ.ಒ.ಪಿ.ಡಿ. ಎನ್ನುತ್ತಾರೆ. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. 2021ರಲ್ಲಿ ಲೋಕದಾದ್ಯಂತ ಸುಮಾರು 35 ಲಕ್ಷ ಜನ ಇದರಿಂದ ಮರಣ ಹೊಂದಿದರು. ಬೀಡಿ ಸೇದದ ನಮ್ಮ ತಾಯಂದಿರಿಗೂ ಸೌದೆ ಒಲೆಯ ಹೊಗೆಯಿಂದ ಇದು ಬರುತ್ತದೆ. ಇದು ಅಂಟುರೋಗವಲ್ಲ, ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಆದರೆ ಎರಡು ವಾರ ಮೀರಿದ ಕೆಮ್ಮು ಕ್ಷಯವೂ ಆಗಿರಬಹುದು. ಕಫ ಪರೀಕ್ಷೆ ಮಾಡಿಸಿರಿ. ಸಿ.ಒ.ಪಿ.ಡಿ. ಪೂರ್ತಿ ವಾಸಿಯಾಗದು, ಹತೋಟಿಯಲ್ಲಿಡಬಹುದು. ಅದಕ್ಕೆ ಮೊದಲ ಔಷಧ ಬೀಡಿ ಬಿಡುವುದು.

ಶುಶ್ರೂಷೆ ಮಾಡುವವರೇ, ಇಷ್ಟನ್ನು ಕಲಿತುಕೊಳ್ಳಿರಿ. ಉಸಿರು ಕಟ್ಟಿದಾಗ ರೋಗಿಯನ್ನು ಮಲಗಿಸದೆ, ಮುಂದಕ್ಕೆ ಬಾಗಿಸಿ, ಮೊಣಕೈ ದಿಂಬಿನ ಮೇಲೆ ಊರಿಸಿ ಕೂರಿಸಿರಿ. ಮೂಗಿನಿಂದ ಉಸಿರು ಎಳೆದು, ದೀಪ ಆರಿಸುವವರಂತೆ ತುಟಿ ಕೂಡಿಸಿ ನಿಧಾನವಾಗಿ ಬಿಡಲು ಹೇಳಿರಿ. ಊಟ ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡಿರಿ. ಸ್ಟಿರಾಯ್ಡ್ ಇರುವ ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಲಿ. ಅವರ ಕೋಣೆಯಲ್ಲಿ ಊದುಬತ್ತಿ, ಲೋಬಾನ, ಸೊಳ್ಳೆಬತ್ತಿ ಬೇಡ. ಮನೆಯಲ್ಲಿ ಆಮ್ಲಜನಕವಿದ್ದರೆ ವೈದ್ಯರು ಹೇಳಿದ ಪ್ರಮಾಣವನ್ನು ನೀವೇ ಹೆಚ್ಚಿಸಬೇಡಿರಿ, ಕೆಲವರಿಗೆ ಅದೂ ಅಪಾಯ. ಹತ್ತಿರ ಬೆಂಕಿಯಂತೂ ಕೂಡದು. ಕಫದ ಬಣ್ಣ ಹಳದಿ ಹಸಿರಿಗೆ ತಿರುಗಿದರೆ ವೈದ್ಯರಿಗೆ ತೋರಿಸಿರಿ. ತುಟಿ ಉಗುರು ನೀಲಿಗಟ್ಟಿದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಮಂಪರು ಕವಿದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ.

ಇನ್ನೊಂದು ಮಾತು ಮಕ್ಕಳಿಗೆ. ಆ ಹಿರಿಯರ ಮಗ ಒಮ್ಮೆ ನನ್ನೊಡನೆ, "ಅಬ್ಬಾ ರಾತ್ರಿಯಿಡೀ ಕೆಮ್ಮುತ್ತಾರೆ, ನಮಗೆ ನಿದ್ದೆಯಿಲ್ಲ" ಎಂದ. ಸುಳ್ಳಲ್ಲ, ಶುಶ್ರೂಷೆ ದಣಿಸುತ್ತದೆ. ಹಾಗೆಂದೇ ಅಣ್ಣತಮ್ಮಂದಿರು ಸರದಿಯಂತೆ ರಾತ್ರಿ ಎಚ್ಚರವಿರಬೇಕು, ಎಲ್ಲವನ್ನೂ ಮನೆಯ ಸೊಸೆಯ ಮೇಲೆ ಹೊರಿಸಬಾರದು. ಆದರೆ ಮುಪ್ಪಿನ ತಂದೆತಾಯಿಗೆ 'ಉಫ್' ಎಂದೂ ಅನ್ನಬಾರದೆಂದು ಕುರ್‌ಆನ್ ಎಚ್ಚರಿಸಿದೆ. 'ಉಫ್' ಎಂದರೆ ಬೇಸರದಿಂದ ಹೊರಬಿಡುವ ಒಂದು ಉಸಿರು, ಅಷ್ಟೇ. ನಾವು ಬೇಸರಕ್ಕೆ ಚೆಲ್ಲುವ ಆ ಒಂದು ಉಸಿರಿಗಾಗಿ ಅವರು ಇಡೀ ರಾತ್ರಿ ಹೋರಾಡುತ್ತಿದ್ದಾರೆ. ನಿಮ್ಮ ರಟ್ಟೆಯಲ್ಲಿರುವ ಬಲ, ಅವರು ಆ ಹೊಗೆಯಲ್ಲಿ ನಿಂತು ದುಡಿದು ಉಣಿಸಿದ ಅನ್ನದ್ದು.

ಇಂದು ಇಶಾ ನಮಾಝ್‌ನ ಬಳಿಕ ಅವರ ಬೆನ್ನ ಹಿಂದೆ ಇನ್ನೊಂದು ದಿಂಬು ಇಟ್ಟು, ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತುಕೊಳ್ಳಿರಿ. ರೋಗಿಗಳಿಗೆ ಅಲ್ಲಾಹನು ಶಮನ ನೀಡಲಿ, ಅವರ ಸೇವೆ ಮಾಡುವವರಿಗೆ ಸಹನೆ ನೀಡಲಿ. ಆಮೀನ್.